ಹಿಂಗಾರು ಬಿತ್ತುವ ಮೊದಲು ಊರಿನ ನೀರಿನ ಲೆಕ್ಕ ಹಾಕುವುದು ಹೇಗೆ?

ಕಲಬುರಗಿ, ಬೀದರ್, ಯಾದಗಿರಿ ಕಡೆ ಸೆಪ್ಟೆಂಬರ್ ಮಳೆಯ ಬೆನ್ನಿಗೇ ಜೋಳ, ಕಡಲೆ ಬಿತ್ತನೆ ಶುರುವಾಗುತ್ತದೆ. ಆದ್ದರಿಂದ ನೆಲದಡಿ ಎಷ್ಟು ನೀರು ಇಳಿದಿದೆ ಎಂಬ ಲೆಕ್ಕ ಅಕ್ಟೋಬರ್ ಮೊದಲ ವಾರಕ್ಕೆ ಗ್ರಾಮಸಭೆಯ ಮುಂದಿರಬೇಕು. ದೀಪಾವಳಿ ಕಳೆದ ಮೇಲೆ ಬಂದ ಲೆಕ್ಕ ಎಷ್ಟೇ ನಿಖರವಾಗಿದ್ದರೂ ಪಂಚಾಯಿತಿ ಗೋಡೆಗೆ ಅಂಟಿಸಲು ಮಾತ್ರ. ಕಂಪ್ಯೂಟರಿನಲ್ಲಿ ಕಟ್ಟುವ ಜಲವಿಜ್ಞಾನದ ಮಾದರಿಗಳು ಚೆನ್ನಾಗಿಯೇ ಇವೆ. ಆದರೆ ತಾನು ಅಳೆಯದ ಅಂಕಿ ನಂಬಿ ಯಾವ ರೈತನೂ ಕಬ್ಬು ಬಿಡುವುದಿಲ್ಲ. ಹಾಗಾಗಿ ಇಲ್ಲಿ ಹೇಳುವ ಮಾದರಿ ಕರಿಹಲಗೆಯ ಮೇಲೆ ಗುಣಿಸಿ ತೋರಿಸಬಹುದಾದಷ್ಟು ಸರಳ.

ಹಳ್ಳದ ಗೆರೆ, ಅಡಿಯ ಕಲ್ಲು

ಕಂದಾಯದ ಗಡಿ ಇಟ್ಟುಕೊಂಡು ಲೆಕ್ಕ ಹಾಕಿದರೆ ಪಕ್ಕದೂರಿನಿಂದ ಹರಿದು ಬಂದ ನೀರು ನಿಮ್ಮದೇ ಎನಿಸುತ್ತದೆ. 1:50,000 ಅಳತೆಯ ಸರ್ವೆ ನಕ್ಷೆಯಲ್ಲಿ ನಿಮ್ಮ ಹಳ್ಳಕ್ಕೆ ನೀರು ಹರಿಸುವ ದಿಬ್ಬಗಳ ನೆತ್ತಿ ಸೇರಿಸಿ ಗೆರೆ ಎಳೆಯಿರಿ. ಮುಂದೆ ‘ಹಳ್ಳ’ದ ಹೆಕ್ಟೇರ್ ಎಂದರೆ ಈ ಗೆರೆಯೊಳಗಿನ ಇಡೀ ನೆಲ. ಆಮೇಲೆ ಕುರಿ ಕಾಯುವವರ ಜೊತೆ ಆ ಗೆರೆಯ ಮೇಲೆ ನಡೆಯಿರಿ. ಹೊಸ ರಸ್ತೆಯ ಮೋರಿ ನೀರಿನ ದಾರಿಯನ್ನೇ ತಿರುಗಿಸಿದ್ದರೆ ಅದು ನಕ್ಷೆಯಲ್ಲಿರುವುದಿಲ್ಲ, ಅವರಿಗೆ ಗೊತ್ತಿರುತ್ತದೆ. ತಾಂಡಾದವರನ್ನು ಬಿಟ್ಟು ಈ ನಡಿಗೆ ಮಾಡಬೇಡಿ. ಹಳ್ಳದ ತಲೆಭಾಗ ಬಹಳ ಕಡೆ ಅವರ ಹೊಲಗಳಲ್ಲೇ ಇದೆ.

ಎಷ್ಟು ಮಳೆ ಕೆಳಗಿಳಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ಅಡಿಯ ಕಲ್ಲು. ಅಂತರ್ಜಲ ಅಂದಾಜಿಗೆ ದೇಶದಲ್ಲಿ ಬಳಸುವ ಮಾರ್ಗಸೂಚಿಯ ಪ್ರಕಾರ ಶಿಥಿಲಗೊಂಡ ಕರಿಕಲ್ಲಿಗೆ (ಬಸಾಲ್ಟ್) ಮಳೆಯ ಶೇ 7, ಬೀದರಿನ ಜಂಬಿಟ್ಟಿಗೆಗೂ ಶೇ 7, ಶಹಾಬಾದ್–ಸೇಡಂ ಕಡೆಯ ಸುಣ್ಣಕಲ್ಲಿಗೆ ಶೇ 6, ಯಾದಗಿರಿಯ ಜೇಡಿ ಕಡಿಮೆ ಇರುವ ಶಿಥಿಲ ಗ್ರಾನೈಟಿಗೆ ಶೇ 11. ಬಿರುಕಿಲ್ಲದ ಗಟ್ಟಿ ಬಂಡೆಗೆ ಶೇ 1 ಮಾತ್ರ. ಬೀದರ್ ದಿಣ್ಣೆಯ ಊರುಗಳಲ್ಲಿ ಜಂಬಿಟ್ಟಿಗೆಗೂ ಕೆಳಗಿನ ಕರಿಕಲ್ಲಿಗೂ ಬೇರೆ ಬೇರೆ ಬಾವಿ ಆರಿಸಿ. ಜಂಬಿಟ್ಟಿಗೆಯಲ್ಲಿ ಇಳಿದ ನೀರು ಎರಡೂ ಕಲ್ಲು ಕೂಡುವ ಕಡೆ ನಿಂತು ಅಡ್ಡಕ್ಕೆ ಹರಿಯುತ್ತದೆ. ಬಹಮನಿ ಕಾಲದವರು ನೌಬಾದಿನ ಸುರಂಗ ಕಾಲುವೆ ಕೊರೆದದ್ದು ಇದನ್ನು ಅರಿತೇ. ಮಣ್ಣಿನ ಆಳ, ಜೇಡಿಯ ಪ್ರಮಾಣ ಬೇಕಿದ್ದರೆ ಸುಜಲಾ–3 ಎಂಬ ಜಲಾನಯನ ಯೋಜನೆಯಲ್ಲಿ ಈ ಮೂರೂ ಜಿಲ್ಲೆಗಳಲ್ಲಿ ನಡೆದ ಭೂಸಂಪನ್ಮೂಲ ಸಮೀಕ್ಷೆಯಲ್ಲಿ ನಿಮ್ಮ ಕಿರುಜಲಾನಯನ ಸೇರಿದೆಯೇ ಎಂದು ಜಲಾನಯನ ಇಲಾಖೆಯಲ್ಲಿ ಕೇಳಿ ನೋಡಿ.

ಮಳೆ, ಬಾವಿ, ಪಂಪು

ಬಾಯಿ, ತಳ ಒಂದೇ ಅಗಲವಿರುವ ನೇರ ಗೋಡೆಯ ಡಬ್ಬಿ ಸಾಕು. ಒಳಗೆ ನಿಂತ ನೀರನ್ನು ಸ್ಕೇಲಿನಿಂದ ಅಳೆದರೆ ಅದೇ ಮಿಲಿಮೀಟರ್ ಮಳೆ. ಹತ್ತಿರದ ಮರ 5 ಮೀಟರ್ ಎತ್ತರವಿದ್ದರೆ ಡಬ್ಬಿ ಕನಿಷ್ಠ 10 ಮೀಟರ್ ದೂರವಿರಲಿ. ಬೇವಿನ ಮರದಡಿ ಇಟ್ಟ ಡಬ್ಬಿ ಸಣ್ಣ ಮಳೆಗಳನ್ನು ನುಂಗಿಬಿಡುತ್ತದೆ. ದಿನಾ ಬೆಳಿಗ್ಗೆ 8.30ಕ್ಕೆ ಬರೆದು ಚೆಲ್ಲಬೇಕು. 1,000 ಹೆಕ್ಟೇರ್ ಹಳ್ಳಕ್ಕೆ ಮೂರು ಡಬ್ಬಿ ಬೇಕು, ಊರ ಮುಂದೆ ಸುರಿದ ಮಳೆ ಊರ ಹಿಂದೆ ಬಿದ್ದಿರುವುದೇ ಇಲ್ಲ. ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕದ ಅಂಕಿಯೊಂದಿಗೆ ಆಗಾಗ ತಾಳೆ ನೋಡಿ.

ಬಾವಿಯ ಮಟ್ಟವನ್ನು ಮೇ ಕೊನೆಗೊಮ್ಮೆ, ಅಕ್ಟೋಬರ್ ಮೊದಲಿಗೊಮ್ಮೆ ತಪ್ಪದೆ ಅಳೆಯಿರಿ. ಕಟ್ಟೆಯ ಮೇಲೆ ಬಣ್ಣದ ಚುಕ್ಕೆ ಹಾಕಿ, ಪ್ರತಿಸಲ ಅಲ್ಲಿಂದಲೇ ಟೇಪು ಬಿಡಬೇಕು. ರಾತ್ರಿಯೆಲ್ಲ ಪಂಪು ನಿಂತಿರಬೇಕು. ತ್ರೀ ಫೇಸ್ ಕರೆಂಟ್ ಬಂದ ಮೇಲೆ ಅಳೆದರೆ ಮಟ್ಟ ಮೀಟರುಗಟ್ಟಲೆ ಕೆಳಗೆ ತೋರಿಸಿ, ಮಳೆ ಇಂಗಲೇ ಇಲ್ಲ ಎಂಬ ಸುಳ್ಳು ತೀರ್ಮಾನಕ್ಕೆ ತಂದು ನಿಲ್ಲಿಸುತ್ತದೆ.

ಬೋರಿನ ನೀರನ್ನು ಮೋಟಾರಿನ ಎಚ್.ಪಿ. ನೋಡಿ ಅಂದಾಜು ಮಾಡಬೇಡಿ. 200 ಲೀಟರ್ ಡ್ರಮ್ಮು 50 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 4 ಲೀಟರ್. ದಿನಕ್ಕೆ 6 ಗಂಟೆ ಓಡಿದರೆ 86 ಘನ ಮೀಟರ್. ಬೋರುಗಳ ಎಣಿಕೆಯಲ್ಲೇ ಹೆಚ್ಚಿನ ಊರುಗಳು ಎಡವುವುದು. ಮೀಟರ್ ಕೂಡಿಸುತ್ತಾರೆಂಬ ಹೆದರಿಕೆಗೆ ಜನ ಬೋರು ಮುಚ್ಚಿಡುತ್ತಾರೆ. ನಕ್ಷೆಯಲ್ಲಿ ಹೆಸರು, ಸರ್ವೆ ನಂಬರ್ ಬರೆಯದೆ ಚುಕ್ಕೆ ಮಾತ್ರ ಇಡುವುದಾಗಿ ಮೊದಲೇ ಮಾತು ಕೊಡಿ, ಆ ಮಾತು ಉಳಿಸಿಕೊಳ್ಳಿ.

ಎರಡು ದಾರಿಯಿಂದ ಒಂದೇ ಅಂಕಿ

1,000 ಹೆಕ್ಟೇರ್ ಕರಿಕಲ್ಲಿನ ಹಳ್ಳ, ಅಲ್ಲಿ 700 ಮಿ.ಮೀ. ಮುಂಗಾರು ಎನ್ನೋಣ. ಬಿದ್ದ ನೀರು 70 ಲಕ್ಷ ಘನ ಮೀಟರ್. ಶೇ 7ರಂತೆ ಇಂಗಿದ್ದು 4.9 ಲಕ್ಷ.

ಈಗ ಬಾವಿಯನ್ನು ಕೇಳಿ. ಮಟ್ಟ ಸರಾಸರಿ 2 ಮೀಟರ್ ಏರಿದೆ. ಶಿಥಿಲ ಕರಿಕಲ್ಲು ತನ್ನ ಗಾತ್ರದ ಸುಮಾರು ಶೇ 2ರಷ್ಟು ನೀರು ಬಿಟ್ಟುಕೊಡುತ್ತದೆ. 2 × 0.02 × 1 ಕೋಟಿ ಚದರ ಮೀಟರ್ = 4 ಲಕ್ಷ. ಮಳೆಗಾಲದಲ್ಲೇ ಹೊಲಕ್ಕೆ ಎತ್ತಿದ 40 ಸಾವಿರ ಸೇರಿಸಿದರೆ 4.4 ಲಕ್ಷ. ಎರಡರ ಅಂತರ ಶೇ 20ರೊಳಗಿದ್ದರೆ ಬಾವಿಯ ಅಂಕಿ ಹಿಡಿಯಿರಿ. ಹೆಚ್ಚಾದರೆ ಬೋರಿನ ಎಣಿಕೆ ತಪ್ಪಿರುತ್ತದೆ ಅಥವಾ ಕಲ್ಲಿನ ಗುರುತು ತಪ್ಪಿರುತ್ತದೆ. ಶಹಾಪುರ, ಸುರಪುರದ ಕಾಲುವೆ ಊರುಗಳಲ್ಲಿ ಮಾತ್ರ ಈ ತಾಳೆ ಕೂಡಿಬರುವುದಿಲ್ಲ. ಅಲ್ಲಿ ಬಾವಿ ಏರಿಸುವುದು ಮಳೆಯೊಂದೇ ಅಲ್ಲ, ಕಾಲುವೆಯ ಸೋರಿಕೆಯೂ ಹೌದು.

ಖರ್ಚಿಗೆ ಬನ್ನಿ. 3,000 ಜನಕ್ಕೆ ದಿನಕ್ಕೆ ತಲಾ 55 ಲೀಟರಿನಂತೆ ವರ್ಷಕ್ಕೆ 60 ಸಾವಿರ ಘನ ಮೀಟರ್. 1,000 ದನಕ್ಕೆ ತಲಾ 50 ಲೀಟರಿನಂತೆ 18 ಸಾವಿರ. ತಾನಾಗಿ ಹಳ್ಳಕ್ಕೆ ಬಸಿದುಹೋಗುವ ಶೇ 5, ಅಂದರೆ 22 ಸಾವಿರ. ಆಗಲೇ ಎತ್ತಿದ್ದು 40 ಸಾವಿರ. ಉಳಿದದ್ದು 3 ಲಕ್ಷ.

ಅಫಜಲಪುರ, ಭಾಲ್ಕಿ ಕಡೆ ಹೆಚ್ಚು ಜಗಳ ಹುಟ್ಟಿಸುವ ಸಾಲು ಮುಂದಿನದು. ಮಳೆ ಬಿಟ್ಟು ಬೋರಿನಿಂದಲೇ ಕಬ್ಬಿಗೆ 1,500 ಮಿ.ಮೀ. ಕೊಟ್ಟರೆ ಹೆಕ್ಟೇರಿಗೆ 15,000 ಘನ ಮೀಟರ್ ಬೇಕು, 3 ಲಕ್ಷದಲ್ಲಿ 20 ಹೆಕ್ಟೇರ್ ಕಬ್ಬು. ಅದೇ ನೀರನ್ನು ಜೋಳ, ಕಡಲೆಗೆ 60 ಮಿ.ಮೀ.ನಂತೆ ಎರಡು ಸಲ ಕೊಟ್ಟರೆ 250 ಹೆಕ್ಟೇರ್. ಕಬ್ಬು ಬೇಡವೆಂದು ಲೆಕ್ಕ ಹೇಳುವುದಿಲ್ಲ. ಯಾರ ಕಬ್ಬಿಗೆ ಯಾರ ಜೋಳದ ನೀರು ಎಂಬುದನ್ನಷ್ಟೇ ತೋರಿಸುತ್ತದೆ.

ಒಡ್ಡು ಹಾಕಿದರೆ ಎಷ್ಟು ಉಳಿದೀತು?

ಹರಿದುಹೋಗುವ ನೀರಿಗೆ ಬೇರೆ ಸೂತ್ರ. ನೆಲ ಮಳೆಯನ್ನು ಎಷ್ಟು ಹರಿಯಬಿಡುತ್ತದೆ ಎಂದು ತೋರಿಸುವ ಅಂಕಿಯೇ ಹರಿವಿನ ಅಂಕ (ಕರ್ವ್ ನಂಬರ್), ಅದು ಹೆಚ್ಚಿದಷ್ಟೂ ಹರಿವು ಹೆಚ್ಚು. ಒಡ್ಡಿಲ್ಲದ ಎರೆ (ಕಪ್ಪು ಮಣ್ಣಿನ) ಹೊಲಕ್ಕೆ ಇದು ಸುಮಾರು 90, ಒಡ್ಡು ಹಾಕಿದ್ದಕ್ಕೆ 81. 25,400ನ್ನು ಅಂಕದಿಂದ ಭಾಗಿಸಿ 254 ಕಳೆದರೆ ನೆಲ ಹಿಡಿಯಬಲ್ಲ ನೀರು ಮಿಲಿಮೀಟರಿನಲ್ಲಿ ಸಿಗುತ್ತದೆ. ಅದರ ಐದನೇ ಒಂದು ಭಾಗವನ್ನು ದಿನದ ಮಳೆಯಿಂದ ಕಳೆದು ವರ್ಗ ಮಾಡಿ. ದಿನದ ಮಳೆಗೆ ನೆಲ ಹಿಡಿಯಬಲ್ಲ ನೀರಿನ 0.8 ಪಾಲು ಕೂಡಿಸಿ, ಆ ಮೊತ್ತದಿಂದ ವರ್ಗವನ್ನು ಭಾಗಿಸಿ. ಸಿಗುವುದೇ ಹರಿದುಹೋಗುವ ನೀರು. 60 ಮಿ.ಮೀ. ಮಳೆಯಲ್ಲಿ ಒಡ್ಡಿಲ್ಲದ ಹೊಲದಿಂದ ಸುಮಾರು 36 ಮಿ.ಮೀ., ಒಡ್ಡಿನ ಹೊಲದಿಂದ 21 ಮಿ.ಮೀ. ಹರಿಯುತ್ತದೆ.

ಜೂನಿನಲ್ಲಿ ಈ ಸೂತ್ರ ಕೈಕೊಡುತ್ತದೆ. ಬೇಸಿಗೆಯ ಎರೆಯ ಬಿರುಕು ಮೊದಲ ಮಳೆಗಳನ್ನು ಕುಡಿದುಬಿಡುತ್ತದೆ. ನೆಂದು ಉಬ್ಬಿ ಬಿರುಕು ಮುಚ್ಚಿತೆಂದರೆ ಅದೇ ನೆಲ ನೀರನ್ನು ಹೊರಗೆ ತಳ್ಳುತ್ತದೆ. ಹಿಂದಿನ ಐದು ದಿನದ ಮಳೆ 36 ಮಿ.ಮೀ.ಗಿಂತ ಕಡಿಮೆಯಿದ್ದರೆ 90ರ ಬದಲು 80, 53 ದಾಟಿದ್ದರೆ 95 ಹಿಡಿಯಿರಿ. ಹಳ್ಳದ ಮೋರಿಗೆ ಸೆಂಟಿಮೀಟರ್ ಗುರುತು ಬಳಿದು, ಮಳೆ ಬಂದಾಗ ನೀರು ಎಲ್ಲಿಯವರೆಗೆ ಏರಿತೆಂದು ಒಬ್ಬರು ಬರೆದಿಟ್ಟರೆ ಯಾವ ಅಂಕ ನಿಮ್ಮ ಹೊಲಕ್ಕೆ ಹೊಂದುತ್ತದೆಂದು ಎರಡು ಮಳೆಗಾಲದಲ್ಲಿ ತಿಳಿದೀತು. ಕೃಷಿ ಹೊಂಡ ತೋಡುವವರು ಒಳಬಾಯಿಗೆ ಹೂಳುಗುಂಡಿ ಮರೆಯಬಾರದು, ಎರೆ ಹೊಲದ ಹರಿವು ಮಣ್ಣು ಹೊತ್ತೇ ಬರುತ್ತದೆ. ಬೋರಿನ ನೀರು ಎತ್ತಿ ಹೊಂಡ ತುಂಬಿಸುವುದು ಮಾತ್ರ ನೀರನ್ನು ಬಿಸಿಲಿಗೆ ಕೊಟ್ಟಂತೆ.

ಸಭೆಯಲ್ಲಿ ಮೊದಲು ಕುಡಿಯುವ ನೀರಿನ ಸಾಲನ್ನು ಓದಿ, ಅದನ್ನು ಹೆಂಗಸರು ಒಪ್ಪಿದ ಮೇಲೆ ಬೆಳೆಯ ಮಾತು ತೆಗೆಯಿರಿ. ಬೇಸಿಗೆಯಲ್ಲಿ ಯಾವ ನಲ್ಲಿ ಯಾವಾಗ ಬತ್ತುತ್ತದೆಂದು ಸರಿಯಾಗಿ ಬಲ್ಲವರು ಅವರೇ. ಕುಡಿಯುವ ನೀರಿನ ಸಾರ್ವಜನಿಕ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ ಎನ್ನುವ ರಾಜ್ಯದ 1999ರ ಕಾಯ್ದೆಯನ್ನೂ ಓದಿಹೇಳಿ. ಜನವರಿಯಲ್ಲಿ ತೊಗರಿ ರಾಶಿ ಮುಗಿದೊಡನೆ ಅದೇ ಬಾವಿಗಳನ್ನು ಮತ್ತೆ ಅಳೆಯಿರಿ. ಅಂದಾಜಿಗಿಂತ ಮಟ್ಟ ಕೆಳಗಿಳಿದಿದ್ದರೆ ಬೇಸಿಗೆ ಬೆಳೆಗೆ ಎಷ್ಟು ಬಿಡಬೇಕೆಂದು ಆಗಲೇ ಇನ್ನೊಂದು ಸಭೆ ಕರೆಯಬೇಕು.