ಅಳುವ ದೃಶ್ಯದೊಳಗೆ ನಗು ಬರೆಯುವುದು

ನಾನು ಬರೆದ ಮೊದಲ ಧಾರಾವಾಹಿಯಲ್ಲಿ ಒಂದು ಸಾವಿನ ದೃಶ್ಯವಿತ್ತು. ತುಂಬಾ ಭಾರವಾಯಿತು, ಸ್ವಲ್ಪ ಹಗುರ ಮಾಡಿ ಎಂದರು ನಿರ್ದೇಶಕರು. ಕಥೆಗೆ ಸಂಬಂಧವೇ ಇಲ್ಲದ ಮಾತುಗಾರನೊಬ್ಬನನ್ನು ಕರೆತಂದು ಬಾಗಿಲಲ್ಲಿ ನಿಲ್ಲಿಸಿ ಎರಡು ಪಂಚ್ ಹೊಡೆಸಿದೆ. ಎಡಿಟಿಂಗ್‌ನಲ್ಲಿ ನೋಡಿದರೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಅವನನ್ನು ಪೂರ್ತಿ ಕತ್ತರಿಸಿದೆವು. ಕಥೆ ಒಂದಿಷ್ಟೂ ಅಲುಗಾಡಲಿಲ್ಲ. ಈಗಲೂ ನನ್ನ ಮೊದಲ ಪರೀಕ್ಷೆ ಅದೇ: ಹಾಸ್ಯವನ್ನು ಕಿತ್ತು ನೋಡಿ. ಕಥೆ ಹಾಗೇ ನಿಂತರೆ ಕಿತ್ತದ್ದೇ ಸರಿ.

ನಗು ಹುಡುಕುವ ಮುಂಚೆ ಪಾತ್ರಕ್ಕೆ ಏನು ಬೇಕು ಅಂತ ಒಂದು ಸಾಲು ಬರೆದುಕೊಳ್ಳಿ. 1925ರ ‘ದಿ ಗೋಲ್ಡ್ ರಷ್’ನಲ್ಲಿ ಚಾಪ್ಲಿನ್ ಬೂಟು ಬೇಯಿಸಿ ತಿನ್ನುತ್ತಾನೆ. ಹಸಿವು ನಿಜ, ಅದರ ಬಗ್ಗೆ ತಮಾಷೆಯೇ ಇಲ್ಲ. ನಗು ಬರುವುದು ಅವನ ಮರ್ಯಾದೆಯಿಂದ: ಲೇಸನ್ನು ಫೋರ್ಕಿಗೆ ಸುತ್ತುವುದು, ಮೊಳೆಯನ್ನು ಮೂಳೆಯಂತೆ ಚೀಪುವುದು. ಹೊಟ್ಟೆಗಿಲ್ಲದವನು ಊಟದ ಶಿಸ್ತು ಬಿಡಲೊಲ್ಲ.

ಇದನ್ನೇ ನಾನು ಹೀಗೆ ಬಳಸಿಕೊಂಡೆ. ಅಪ್ಪ ತೀರಿಕೊಂಡಿದ್ದಾರೆ, ಅಣ್ಣ-ತಮ್ಮ ಇಬ್ಬರೂ ಅಪ್ಪನ ಫೋಟೋ ಆರಿಸುತ್ತಿದ್ದಾರೆ. ಅಪ್ಪ ನಕ್ಕಿರುವುದು ಒಂದೇ ಫೋಟೋದಲ್ಲಿ. ಪಕ್ಕದಲ್ಲಿ ನಿಂತಿರುವವನು ಇವರ ಮೇಲೆ ಕೇಸು ಹಾಕಿದ ನೆಂಟ. ಅವನನ್ನು ಎಷ್ಟೇ ಕ್ರಾಪ್ ಮಾಡಿದರೂ ಅಪ್ಪನ ಹೆಗಲ ಮೇಲೆ ಅವನ ಕೈ ಉಳಿದುಬಿಡುತ್ತದೆ. ಅಣ್ಣ-ತಮ್ಮ ಜೋಕು ಹೇಳುತ್ತಿಲ್ಲ, ಗಂಭೀರವಾಗಿ ಅಳತೆ ಹಾಕುತ್ತಿದ್ದಾರೆ. ನಟರು ಕೂತು ಸ್ಕ್ರಿಪ್ಟ್ ಓದುವ ರೀಡಿಂಗ್‌ನಲ್ಲಿ ಅವರಿಗೆ ನಾನು ಹೇಳಿದ್ದು ಇಷ್ಟೆ: ಜನ ನಗಲಿ ಅಂತ ಕಾಯಬೇಡಿ, ನಿಮಗೆ ಫೋಟೋ ಬೇಕು.

ನಗಿಸಿ ಆಮೇಲೆ ಹೊಡೆಯುವುದು ಸುಲಭ, ಪ್ರೇಕ್ಷಕ ಮೈಮರೆತಿರುತ್ತಾನೆ. ಹೊಡೆತದ ಮರುಕ್ಷಣ ನಗಿಸುವುದು ಕಷ್ಟ. ‘ಮ್ಯಾಕ್‌ಬೆತ್’ನಲ್ಲಿ ರಾಜನ ಕೊಲೆಯಾದ ಬೆನ್ನಿಗೇ ಅಮಲಿಳಿಯದ ದ್ವಾರಪಾಲಕ ಬರುತ್ತಾನೆ. ಹೊರಗೆ ಯಾರೋ ಬಾಗಿಲು ಬಡಿಯುತ್ತಲೇ ಇದ್ದಾರೆ, ಇವನು ಗೊಣಗುತ್ತಾ ನಿಂತಿದ್ದಾನೆ. ಒಳಗಿನ ಹೆಣ ನಮಗೆ ಗೊತ್ತು. ಹಾಗಾಗಿ ಅವನ ಹರಟೆ ಭಯವನ್ನು ಇಳಿಸುವುದಿಲ್ಲ, ಎಳೆಯುತ್ತದೆ. ತಡಮಾಡುವುದೇ ಅವನ ಕೆಲಸ. ನನ್ನ ಮಾತುಗಾರನಿಗೆ ಅಂಥ ಕೆಲಸ ಯಾವುದೂ ಇರಲಿಲ್ಲ.

ಕ್ಯಾಮೆರಾ ವಿಷಯ ಚಿಕ್ಕದು: ಪೇಚಾಟವನ್ನು ವೈಡ್‌ನಲ್ಲಿ, ಅಂದರೆ ದೂರದಿಂದ ಇಡೀ ದೃಶ್ಯ ಕಾಣುವಂತೆ ತೋರಿಸಿ, ಕ್ಲೋಸ್‌ಅಪ್ಪನ್ನು ನೋವಿಗೆ ಉಳಿಸಿಕೊಳ್ಳಿ.

ಸದ್ದಿನ ಬಗ್ಗೆ ಮಾತ್ರ ನಾನು ಜಗಳಕ್ಕೇ ನಿಲ್ಲುತ್ತೇನೆ. ತಮಾಷೆಯ ಸಾಲಿನಡಿ ಕಚಗುಳಿ ಸಂಗೀತ, ದುಃಖದ ಸಾಲಿನಡಿ ಪಿಟೀಲು ಹಾಕಿದರೆ ದೃಶ್ಯ ಎರಡು ಹೋಳಾಗುತ್ತದೆ. 1972ರಿಂದ 1983ರವರೆಗೆ ಬಂದ ಯುದ್ಧಕಾಲದ ಆಸ್ಪತ್ರೆಯ ಸರಣಿ ‘ಮ್ಯಾಶ್’ನಲ್ಲಿ ರೆಕಾರ್ಡ್ ಮಾಡಿದ ನಗು ಇತ್ತು, ಆದರೆ ಶಸ್ತ್ರಚಿಕಿತ್ಸೆಯ ಕೋಣೆಯ ದೃಶ್ಯಗಳಿಗೆ ಅದನ್ನು ಹಾಕುತ್ತಿರಲಿಲ್ಲ. ವೈದ್ಯರು ಅಲ್ಲಿಯೂ ಚಟಾಕಿ ಹಾರಿಸುತ್ತಾರೆ. ನಗುವುದೋ ಬಿಡುವುದೋ ನೋಡುವವರಿಗೆ ಬಿಟ್ಟದ್ದು.

ಆ ಫೋಟೋ ದೃಶ್ಯದ ಕೊನೆಗೆ ತಮ್ಮನಿಗೊಂದು ಸಾಲು ಬರೆದಿದ್ದೆ: “ಇರಲಿ ಬಿಡೋ ಅಣ್ಣ, ಅಪ್ಪ ಅವತ್ತು ಖುಷಿಯಾಗಿದ್ರು.” ನನಗೆ ಬಹಳ ಇಷ್ಟದ ಸಾಲು. ಟೇಕ್‌ನಲ್ಲಿ ನಟ ಅದನ್ನು ಹೇಳಲೇ ಇಲ್ಲ. ಹೆಗಲ ಮೇಲಿನ ಕೈಯನ್ನು ಹೆಬ್ಬೆರಳಿನಿಂದ ಮುಚ್ಚಿ ನೋಡಿದ, ಬೆರಳು ತೆಗೆದ, ಫೋಟೋವನ್ನು ಅಣ್ಣನತ್ತ ಸರಿಸಿದ. ಮಾನಿಟರ್ ಹಿಂದೆ ಯಾರೋ ಕಿಸಕ್ಕೆಂದು ನಕ್ಕು ಸುಮ್ಮನಾದರು. ನಾನು ಪೆನ್ನು ತೆಗೆದು ಸಾಲು ಹೊಡೆದುಹಾಕಿದೆ.