ಹೊರಗಿನ ಲೈಬ್ರರಿಯನ್ನು ಸೇರಿಸಿಕೊಳ್ಳುವ ಮೊದಲು

ಮುಕ್ತ ತಂತ್ರಾಂಶ ಯೋಜನೆಗೆ ಹೊಸ ಲೈಬ್ರರಿಯೊಂದನ್ನು (ಬೇರೆಯವರು ಬರೆದಿಟ್ಟ, ಬಳಸಲು ಸಿದ್ಧವಾದ ಕೋಡನ್ನು) ಸೇರಿಸುವ ಪ್ರಸ್ತಾಪ ಬಂದಾಗ, ಅದು ಏನೇನು ಮಾಡಬಲ್ಲದು ಎಂದು ನೋಡುವ ಮೊದಲು ಅದರಲ್ಲಿ ನಮಗೆ ಬೇಕಾದದ್ದೆಷ್ಟು ಎಂಬುದನ್ನು ಒಂದೆರಡು ವಾಕ್ಯಗಳಲ್ಲಿ ಬರೆದುಕೊಳ್ಳಬೇಕು. ಅನಂತರ ಅದರ ಜೊತೆಗೆ ಬರುವ ನೆಂಟರಿಷ್ಟರನ್ನು, ಅಂದರೆ ಅದು ನೆಚ್ಚಿಕೊಂಡಿರುವ ಇತರ ಲೈಬ್ರರಿಗಳನ್ನು, ಎಣಿಸಬೇಕು. ರಸ್ಟ್ ಭಾಷೆಯಲ್ಲಿ ‘ಕಾರ್ಗೋ ಟ್ರೀ’, ಜಾವಾಸ್ಕ್ರಿಪ್ಟ್‌ನ ನೋಡ್‌ನಲ್ಲಿ ‘ಎನ್‌ಪಿಎಂ ಎಲ್‌ಎಸ್ --ಆಲ್’ ಆಜ್ಞೆಗಳು ಈ ವಂಶವೃಕ್ಷವನ್ನು ತೋರಿಸುತ್ತವೆ.

ಈ ಎಣಿಕೆ ಏಕೆ ಬೇಕೆಂಬುದಕ್ಕೆ 2024ರ ಮಾರ್ಚ್‌ನಲ್ಲಿ ಬಯಲಾದ, ಎಕ್ಸ್‌ಝಡ್ ಎಂಬ ದತ್ತಾಂಶ ಸಂಕೋಚನ ತಂತ್ರಾಂಶದ ಪ್ರಕರಣವನ್ನು ನೋಡಬಹುದು. ಎಕ್ಸ್‌ಝಡ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಅಡಗಿಸಿದ್ದ ಹಿಂಬಾಗಿಲಿನ (ಕಳ್ಳದಾರಿಯ ಕೋಡಿನ) ಗುರಿ, ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ಸರ್ವರ್ ಆಗಿತ್ತು. ಆದರೆ ಓಪನ್‌ಎಸ್‌ಎಸ್‌ಎಚ್ ಆ ಸಂಕೋಚನ ಲೈಬ್ರರಿಯನ್ನು ಬಳಸುವುದೇ ಇಲ್ಲ. ಡೆಬಿಯನ್, ಫೆಡೋರಾ ಮುಂತಾದ ಲಿನಕ್ಸ್ ವಿತರಣೆಗಳು ‘ಸೇವೆ ಸಿದ್ಧವಾಗಿದೆ’ ಎಂದು, ಸೇವೆಗಳನ್ನು ನಡೆಸುವ ಸಿಸ್ಟಂಡಿಗೆ ತಿಳಿಸುವುದಕ್ಕಾಗಿ ಓಪನ್‌ಎಸ್‌ಎಸ್‌ಎಚ್‌ಗೆ ಲಿಬ್‌ಸಿಸ್ಟಂಡಿ ಲೈಬ್ರರಿಯನ್ನು ಜೋಡಿಸಿದ್ದವು, ಅದರ ಬೆನ್ನಿಗೆ ಎಕ್ಸ್‌ಝಡ್‌ನ ಲೈಬ್ರರಿಯಾದ ಲಿಬ್‌ಎಲ್‌ಝಡ್‌ಎಂಎ ಒಳಗೆ ಬಂದಿತ್ತು. ವಾಸ್ತವದಲ್ಲಿ ಆ ಸೂಚನೆಯೆಂದರೆ ಒಂದು ಸಾಕೆಟ್‌ಗೆ (ಪ್ರೋಗ್ರಾಂಗಳು ಪರಸ್ಪರ ಮಾತಾಡುವ ಕೊಂಡಿಗೆ) ಕಳುಹಿಸುವ ಚಿಕ್ಕ ಪಠ್ಯ, ಅಷ್ಟೆ. ಅದೇ ವರ್ಷ ಬಂದ ಓಪನ್‌ಎಸ್‌ಎಸ್‌ಎಚ್ 9.8 ಈ ಕೆಲಸವನ್ನು ಯಾವ ಲೈಬ್ರರಿಯ ಹಂಗೂ ಇಲ್ಲದೆ ತನ್ನದೇ ಪುಟ್ಟ ಕೋಡಿನಿಂದ ಮಾಡಿಕೊಂಡಿತು. ಬೇಕಾದದ್ದು ಇಷ್ಟು ಕಡಿಮೆಯಿದ್ದರೆ ನಾವೂ ಸ್ವತಃ ಬರೆದುಕೊಳ್ಳುವುದೇ ಲೇಸು.

ಹಾಗೆಂದು ಎಲ್ಲವನ್ನೂ ಕೈಯಾರೆ ಬರೆಯಹೊರಡುವುದು ಇನ್ನೊಂದು ಬಗೆಯ ದುಸ್ಸಾಹಸ. ಗೂಢಲಿಪೀಕರಣವನ್ನಂತೂ ಸ್ವಂತವಾಗಿ ಬರೆಯಲೇಬಾರದು. ಕನ್ನಡ ಪಠ್ಯವನ್ನು ಪರದೆಯ ಮೇಲೆ ಮೂಡಿಸುವ ತಂತ್ರಾಂಶವನ್ನೇ ತೆಗೆದುಕೊಳ್ಳಿ: ‘ಅರ್ಕ’ ಎಂಬಲ್ಲಿ ಉಚ್ಚಾರದಲ್ಲಿ ಮೊದಲು ಬರುವ ರಕಾರ ಬರವಣಿಗೆಯಲ್ಲಿ ಅರ್ಕಾವೊತ್ತಾಗಿ ಕಕಾರದ ಬಲಕ್ಕೆ ಹೋಗುತ್ತದೆ, ಒತ್ತಕ್ಷರಗಳು ಕೆಳಗಿಳಿಯುತ್ತವೆ. ಇವನ್ನೆಲ್ಲ ಹಾರ್ಫ್‌ಬಝ್ ಲೈಬ್ರರಿ ಈಗಾಗಲೇ ನಿಭಾಯಿಸುತ್ತಿರುವಾಗ ಹೊಸದಾಗಿ ಬರೆದವರು ಅದೇ ತಪ್ಪುಗಳನ್ನು ಮೊದಲಿನಿಂದ ಮಾಡಬೇಕಾಗುತ್ತದೆ.

ನಿರ್ವಹಣೆಯನ್ನು ಅಳೆಯುವಾಗ ಕೊನೆಯ ಬಿಡುಗಡೆಯ ದಿನಾಂಕವೊಂದನ್ನೇ ನಂಬಬಾರದು, ಏಕೆಂದರೆ ಕೆಲಸ ಮುಗಿದ ಲೈಬ್ರರಿ ಸುಮ್ಮನಿರುವುದು ಸಹಜ. ಭದ್ರತಾ ವರದಿಗಳಿಗೆ ಉತ್ತರ ಸಿಗುತ್ತಿದೆಯೇ, ಬಿಡುಗಡೆಯ ಅಧಿಕಾರ ಎಷ್ಟು ಜನರ ಕೈಯಲ್ಲಿದೆ ಎಂಬುದು ಹೆಚ್ಚು ಹೇಳುತ್ತದೆ. 2016ರಲ್ಲಿ ಒಬ್ಬರೇ ಲೇಖಕರು ಎನ್‌ಪಿಎಂ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಗಳ ಭಂಡಾರದಿಂದ ಹಿಂಪಡೆದ ‘ಲೆಫ್ಟ್‌ಪ್ಯಾಡ್’ ಕೇವಲ 11 ಸಾಲಿನದಾಗಿದ್ದರೂ ಅದನ್ನು ನೆಚ್ಚಿದ್ದ ಅಸಂಖ್ಯ ಯೋಜನೆಗಳ ಬಿಲ್ಡ್ (ಕೋಡಿನಿಂದ ತಂತ್ರಾಂಶವನ್ನು ಸಿದ್ಧಪಡಿಸುವ ಕೆಲಸ) ನಿಂತುಹೋಯಿತು. ಪರವಾನಗಿಯನ್ನೂ ಮೊದಲೇ ನೋಡಬೇಕು: ಜಿಪಿಎಲ್ ಪರವಾನಗಿಯ 2ನೇ ಆವೃತ್ತಿಗೆ ಮಾತ್ರ ಕಟ್ಟುಬಿದ್ದ ಯೋಜನೆಯೊಂದಿಗೆ ಅಪಾಚೆ 2.0 ಪರವಾನಗಿಯ ಕೋಡ್ ಹೊಂದುವುದಿಲ್ಲವೆಂದು ಎಫ್‌ಎಸ್‌ಎಫ್ (ಫ್ರೀ ಸಾಫ್ಟ್‌ವೇರ್ ಫೌಂಡೇಶನ್) ಹೇಳುತ್ತದೆ. ಜಿಪಿಎಲ್ 3ರೊಂದಿಗೆ ಈ ತೊಡಕಿಲ್ಲ.

ಸೇರಿಸಿಕೊಳ್ಳುವುದೆಂದು ನಿರ್ಧರಿಸಿದ ಮೇಲೆ ಲಾಕ್ ಫೈಲನ್ನು (ಬಳಸಿದ ಲೈಬ್ರರಿಗಳ ನಿಖರ ಆವೃತ್ತಿಗಳ ಪಟ್ಟಿಯನ್ನು) ಕಮಿಟ್ ಮಾಡಿ, ಅಂದರೆ ಯೋಜನೆಯ ಬದಲಾವಣೆಗಳ ದಾಖಲೆಗೆ ಸೇರಿಸಿ, ಆ ಲೈಬ್ರರಿಯನ್ನು ಕರೆಯುವ ಕೋಡನ್ನೆಲ್ಲ ನಿಮ್ಮದೇ ಒಂದು ಮಾಡ್ಯೂಲಿನೊಳಗೆ ಇರಿಸಿ. ಮೊದಲು ಬರೆದುಕೊಂಡಿದ್ದ ಆ ಒಂದೆರಡು ವಾಕ್ಯಗಳನ್ನು ಕಮಿಟ್ ಸಂದೇಶಕ್ಕೆ ಸೇರಿಸಿದರೆ, ಆ ಅಗತ್ಯ ಇಲ್ಲವಾದ ದಿನ ಲೈಬ್ರರಿಯನ್ನು ತೆಗೆಯಲು ಮುಂದಾದವರು ಕಾರಣವನ್ನು ಹುಡುಕಿಕೊಂಡು ಅಲೆಯಬೇಕಾಗುವುದಿಲ್ಲ.