ಬುಷ್ ಬೋಲ್ಟ್ ಬಿಗಿ ಮಾಡೋಕೆ ಸ್ವಲ್ಪ ತಡೀರಿ

ಕಾರಿನ ಲೋವರ್ ಆರ್ಮ್‌ಗೆ (ಚಕ್ರವನ್ನು ಗಾಡಿಯ ಚೌಕಟ್ಟಿಗೆ ಜೋಡಿಸುವ ಕೆಳಗಿನ ಲೋಹದ ತುಂಡು) ಹೊಸ ರಬ್ಬರ್ ಬುಷ್, ಅಂದರೆ ಅದರ ಕೀಲಿನಲ್ಲಿ ಕೂರುವ ರಬ್ಬರ್ ಮೆತ್ತೆ, ಹಾಕಿದಾಗ, ಚಕ್ರ ನೇತಾಡುತ್ತಿರುವಾಗಲೇ ಬೋಲ್ಟ್ ಪೂರ್ತಿ ಬಿಗಿ ಮಾಡಬೇಡಿ. ಕೈಯಲ್ಲಿ ತಿರುಗುವಷ್ಟು ತಿರುಗಿಸಿ ಬಿಟ್ಟು, ಗಾಡಿಯ ಭಾರ ಚಕ್ರದ ಮೇಲೆ ಕೂತ ಮೇಲೆ ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತು ಅಂತ ಅಳೆಯುವ ಸ್ಪ್ಯಾನರ್) ಹಾಕಿ. ಬುಷ್‌ನ ರಬ್ಬರ್ ಒಳಗಿನ, ಹೊರಗಿನ ಎರಡೂ ಲೋಹದ ಕೊಳವೆಗೆ ಅಂಟಿರುತ್ತದೆ. ಅದು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ನೇತಾಡುವಾಗ ಬಿಗಿ ಮಾಡಿದರೆ ಗಾಡಿ ಸುಮ್ನೆ ನಿಂತಿದ್ದಾಗಲೂ ಅದು ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಹೊಸ ಬುಷ್ ಕೆಲವೇ ತಿಂಗಳಲ್ಲಿ ಹೋಯಿತು ಅಂದರೆ ಮೊದಲು ಇದನ್ನೇ ಅನುಮಾನಿಸಿ, ಪಾರ್ಟನ್ನು ಆಮೇಲೆ ಬೈಯಿರಿ. ಪಾಲಿಯುರೆಥೇನ್ (ರಬ್ಬರಿನಂಥ ಗಟ್ಟಿ ಪ್ಲಾಸ್ಟಿಕ್) ಬುಷ್‌ಗೆ ಸಾಮಾನ್ಯವಾಗಿ ಈ ತಾಪತ್ರಯ ಇಲ್ಲ, ಅದರ ಒಳಗಿನ ಕೊಳವೆ ಹೆಚ್ಚಾಗಿ ಸಲೀಸಾಗಿ ತಿರುಗುತ್ತದೆ. ಹಾಗೇ, ಹಂಪ್ ಮೇಲೆ ಬರುವ ‘ಟಕ್’ ಸದ್ದು ಬಾಲ್ ಜಾಯಿಂಟ್‌ದೋ (ಚಕ್ರದ ಕಡೆಯ ಗುಂಡು ಕೀಲು) ಸ್ಟೆಬಿಲೈಜರ್ ಲಿಂಕ್‌ದೋ (ಗಾಡಿ ಓಲಾಡದಂತೆ ತಡೆಯುವ ಸರಳಿನ ಕೊಂಡಿ) ಆಗಿದ್ದರೆ ಬುಷ್ ಬದಲಾಯಿಸಿ ಏನೂ ಉಪಯೋಗವಿಲ್ಲ. ಬಿಚ್ಚುವ ಮೊದಲು ಬುಷ್ ಪಕ್ಕ ಸಬ್ಬಲ್ ಇಟ್ಟು ಮೀಟಿ ನೋಡಿ: ಮೇಲ್ಮೈಯ ಸಣ್ಣ ಬಿರುಕಿಗೆ ಹೆದರಬೇಕಿಲ್ಲ, ರಬ್ಬರ್ ಲೋಹದಿಂದ ಬಿಟ್ಟುಕೊಂಡು ಸಂದು ಕಂಡರೆ ಮಾತ್ರ ಅದರ ಕಥೆ ಮುಗಿದಿದೆ. ಗಾಡಿಯ ಕೆಳಗೆ ಹೋಗುವಾಗ ಬರೀ ಜ್ಯಾಕ್ ನಂಬಬೇಡಿ, ಭಾರ ಚಕ್ರದ ಮೇಲೇ ಇರುವಂತೆ ರ‍್ಯಾಂಪ್ ಮೇಲೆ ಹತ್ತಿಸಿದರೆ ಕೈಯೂ ಆಡುತ್ತದೆ.